ಜಡೆ ತುರುಬು: ಯು ಪಿನ್ನೋ, ಎರಡು ಜಡೆಯೋ, ಡೋನಟ್ಟೋ, ಕಡ್ಡಿಯೋ?

ಸೊಂಟ ಮುಟ್ಟುವ ಕೂದಲನ್ನು ಹಾಗೇ ತಿರುಚಿ ಗಂಟು ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಗೆ ಇಳಿದಿರುತ್ತದೆ. ಮೊದಲು ಜಡೆ ಹೆಣೆದು ಆಮೇಲೆ ಸುತ್ತಿದರೆ ಸಂಜೆವರೆಗೂ ಕದಲುವುದಿಲ್ಲ. ಬಿಡಿ ಕೂದಲು ಒಂದರ ಮೇಲೊಂದು ಜಾರುತ್ತದೆ. ಹೆಣಿಗೆಯಲ್ಲಿ ಒಂದು ಎಳೆ ಇನ್ನೊಂದನ್ನು ತಡೆದು ಹಿಡಿದಿರುತ್ತದೆ, ಪಿನ್ ಕಚ್ಚಿಕೊಳ್ಳಲು ಉಬ್ಬುತಗ್ಗೂ ಸಿಗುತ್ತದೆ. ಆದರೆ ಸುತ್ತಿದ ಜಡೆಯನ್ನು ತಲೆಗೆ ಹಿಡಿಸುವ ದಾರಿ ಹಲವು. ನೇರವಾದ ದಪ್ಪ ಕೂದಲು, ಅಲೆಯಲೆಯಾದ ಕೂದಲು, ತೆಳ್ಳಗಿನ ನುಣುಪು ಕೂದಲು ಈ ಮೂರರ ಮೇಲೂ ಅವನ್ನು ಹಾಕಿ ನೋಡಿ ಬರೆದ ಹೋಲಿಕೆ ಇದು. ಉದ್ದ ಎಲ್ಲದರಲ್ಲೂ ಬೆನ್ನಿನ ನಡುವಿನಿಂದ ಸೊಂಟದವರೆಗೆ.

ಎಲ್ಲಕ್ಕೂ ಅನ್ವಯಿಸುವ ಮಾತು ಮೊದಲು. ತಲೆಗೆ ಸ್ನಾನ ಮಾಡಿದ ಮರುದಿನದ ಕೂದಲು ತುರುಬಿಗೆ ಚೆನ್ನ. ಅದೇ ದಿನದ ಕೂದಲು ಜಾರುತ್ತದೆ, ಎಣ್ಣೆ ಹಚ್ಚಿದ ಕೂದಲಿನಲ್ಲಿ ಪಿನ್ ನಿಲ್ಲುವುದಿಲ್ಲ. ಒದ್ದೆ ಕೂದಲನ್ನು ಮಾತ್ರ ಹೆಣೆಯಲೇಬೇಡಿ. ನೀರು ಕುಡಿದ ಕೂದಲು ಎಳೆದಾಗ ಹಿಗ್ಗಿ ತುಂಡಾಗುತ್ತದೆ, ಒಳಗಿನ ತೇವ ರಾತ್ರಿಯಾದರೂ ಆರದೆ ವಾಸನೆ ಹಿಡಿಯುತ್ತದೆ.

ಒಂದೇ ಜಡೆ, ಐದು ಯು ಪಿನ್

ದಿನನಿತ್ಯಕ್ಕೆ ನಮ್ಮ ಆಯ್ಕೆ ಇದೇ. ಯು ಪಿನ್ ಅಂದರೆ ಇಂಗ್ಲಿಷಿನ ಯು ಅಕ್ಷರದಂತೆ ಬಾಯಿ ತೆರೆದಿರುವ, ಎರಡು ಕಾಲಿನ ಪಿನ್. ಸಿಕ್ಕು ಬಿಡಿಸಿ, ಕುತ್ತಿಗೆಯ ಮೇಲ್ಭಾಗದಲ್ಲಿ ಮೂರೆಳೆ ಜಡೆ ಶುರು ಮಾಡಿ. ಬುಡದ ಮೊದಲ ಎರಡು ಹೆಣಿಗೆ ಸ್ವಲ್ಪ ಸಡಿಲವಿರಲಿ, ಆಮೇಲಿನದು ಬಿಗಿ. ತುದಿಯಲ್ಲಿ ನಾಲ್ಕು ಬೆರಳಷ್ಟು ಬಿಟ್ಟು ಸಣ್ಣ ಬಟ್ಟೆಯ ಬ್ಯಾಂಡ್ ಹಾಕಿ. ಪೊಟ್ಟಣ ಕಟ್ಟುವ ರಬ್ಬರ್ ಬ್ಯಾಂಡ್ ಬೇಡ, ಬಿಚ್ಚುವಾಗ ಕೂದಲನ್ನೂ ಕಿತ್ತುಕೊಂಡು ಬರುತ್ತದೆ. ಈಗ ಜಡೆಯನ್ನು ಬುಡದ ಸುತ್ತ ಚಕ್ಕುಲಿ ಒತ್ತಿದ ಹಾಗೆ ಚಪ್ಪಟೆಯಾಗಿ ಸುತ್ತಿ. ಸುತ್ತಿನ ಮೇಲೆ ಸುತ್ತು ಏರಿಸಿದರೆ ತುರುಬು ಹಿಂದಕ್ಕೆ ಚಾಚಿಕೊಂಡು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ತುದಿಯನ್ನು ಕೊನೆಯ ಸುತ್ತಿನ ಅಡಿಗೆ ಸಿಕ್ಕಿಸಿ.

ಎಡವುವುದು ಪಿನ್ ಹಾಕುವಾಗ. ತುರುಬಿನ ಮೇಲಿಂದ ನೇರ ಒಳಕ್ಕೆ ಚುಚ್ಚಿದ ಪಿನ್ ಏನನ್ನೂ ಹಿಡಿಯುವುದಿಲ್ಲ, ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಹೀಗೆ ಮಾಡಿ: ಪಿನ್ನಿನ ಮೊನೆ ಹೊರಗಡೆಗೆ ಇರಲಿ. ತುರುಬಿನ ಅಂಚಿನ ಜಡೆಯಿಂದ ನಾಲ್ಕಾರು ಕೂದಲನ್ನೂ, ಪಕ್ಕದಲ್ಲೇ ತಲೆಗೆ ಅಂಟಿದ ಕೂದಲಿನಿಂದ ಇಷ್ಟೇ ಇಷ್ಟನ್ನೂ ಮೊನೆಯಲ್ಲಿ ಎತ್ತಿಕೊಳ್ಳಿ. ನಂತರ ಪಿನ್ನನ್ನು ಪೂರ್ತಿ ಮಗುಚಿ, ನೆತ್ತಿಯ ಚರ್ಮಕ್ಕೆ ಸಮಾನಾಂತರವಾಗಿ ತುರುಬಿನ ನಡುವಿಗೆ ತಳ್ಳಿ. ಮಗುಚಿದಾಗ ಎತ್ತಿಕೊಂಡ ಕೂದಲು ಬಿಗಿಯಾಗುತ್ತದೆ, ಆ ಬಿಗಿಯೇ ಹಿಡಿತ. ಮೊದಲ ಪಿನ್ ತುದಿ ಸಿಕ್ಕಿಸಿದ ಕಡೆ, ಉಳಿದ ನಾಲ್ಕು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ತಲೆ ಅಲ್ಲಾಡಿಸಿದಾಗ ತುರುಬು ಬೇರೆಯಾಗಿ ಅಲ್ಲಾಡಿದರೆ ಹೊಸ ಪಿನ್ ಸೇರಿಸಬೇಡಿ, ಹಾಕಿದ್ದನ್ನೇ ತೆಗೆದು ಮತ್ತೆ ಹಾಕಿ. ಹದಿನೈದು ಪಿನ್ ಚುಚ್ಚಿಯೂ ಜಾರುವ ತುರುಬು ಐದೇ ಪಿನ್ನಿಗೆ ನಿಲ್ಲುತ್ತದೆ.

ದಪ್ಪ ಕೂದಲಿಗೆ ಮೂರು ಇಂಚಿನ ಪಿನ್ ಬೇಕು, ತೆಳ್ಳಗಿನದಕ್ಕೆ ಎರಡು ಇಂಚು ಸಾಕು. ಬಳೆ ಅಂಗಡಿಯಲ್ಲಿ ಸಿಗುವ ಅಂಕುಡೊಂಕಿನ ಕಾಲಿನ ಪಿನ್ನೇ ಒಳ್ಳೆಯದು, ನೇರ ಕಾಲಿನದು ಜಾರುತ್ತದೆ. ಮೊನೆಯ ಮೇಲಿನ ಬಣ್ಣದ ಗುಂಡು ಉದುರಿದ ಪಿನ್ ಎಸೆದುಬಿಡಿ, ನೆತ್ತಿ ಗೀರುತ್ತದೆ. ಒತ್ತಿ ಹಿಡಿಯುವ ಬಾಬಿ ಪಿನ್ ಈ ಕೆಲಸಕ್ಕಲ್ಲ. ದಪ್ಪ ಜಡೆಯ ಮೇಲೆ ಹಾಕಿದರೆ ಅದರ ಬಾಯಿ ಅಗಲಗೊಂಡು ಸ್ಪ್ರಿಂಗ್ ಸತ್ತುಹೋಗುತ್ತದೆ. ಕಿವಿಯ ಹಿಂದಿನ ಮರಿಗೂದಲು ಕೂರಿಸಲು ಇಟ್ಟುಕೊಳ್ಳಿ, ಅಲೆಯಿರುವ ಕಾಲು ತಲೆಯ ಚರ್ಮದ ಕಡೆಗಿರಲಿ.

ನುಣುಪು ಕೂದಲಿನಲ್ಲಿ ಮಾತ್ರ ಈ ವಿಧಾನ ತುಸು ಸೋಲುತ್ತದೆ. ಅಲ್ಲಿ ಮೊದಲು ಬುಡಕ್ಕೊಂದು ಬ್ಯಾಂಡ್ ಹಾಕಿ ಆಮೇಲೆ ಹೆಣೆಯಬೇಕು.

ಎರಡು ಜಡೆ, ಎದುರುಬದುರು ಸುತ್ತು

ಕೈಮುಷ್ಟಿಗೆ ಸಿಗದಷ್ಟು ದಪ್ಪ ಕೂದಲಿಗೆ ಇದಕ್ಕೆ ಸಾಟಿಯಿಲ್ಲ. ಒಂದೇ ತುರುಬಿನ ಭಾರವೆಲ್ಲ ಒಂದೇ ಕಡೆ ಜಗ್ಗಿ ಸಂಜೆಗೆ ತಲೆನೋವು ಬರುತ್ತದೆ. ಎರಡು ಬುಡವಾದರೆ ಭಾರ ಹಂಚಿಹೋಗುತ್ತದೆ. ಹಿಂದಲೆಯಲ್ಲಿ ಬೈತಲೆ ತೆಗೆದು, ಎರಡು ಬುಡಗಳ ನಡುವೆ ಮೂರು ಬೆರಳು ಅಂತರವಿರುವಂತೆ ಎರಡು ಜಡೆ ಹೆಣೆಯಿರಿ. ಬಲಜಡೆಯನ್ನು ಎಡಬುಡದ ಮೇಲಿಂದ ತಂದು ಎರಡೂ ಬುಡಗಳನ್ನು ಬಳಸಿ, ತುದಿಯನ್ನು ಅಡಿಗೆ ಸೇರಿಸಿ. ಎಡಜಡೆಯನ್ನು ಅದರ ಹೊರಗಿನಿಂದ ತದ್ವಿರುದ್ಧ ದಿಕ್ಕಿಗೆ ಸುತ್ತಿ. ಒಂದು ಬಿಚ್ಚಿಕೊಳ್ಳಲು ತಿರುಗುವ ದಿಕ್ಕಿಗೆ ಇನ್ನೊಂದು ಅಡ್ಡ ನಿಲ್ಲುವುದರಿಂದ ಸುತ್ತು ಸಡಿಲವಾಗುವುದಿಲ್ಲ. ಆರು ಪಿನ್ ಸಾಕು.

ಕಷ್ಟಗಳೂ ಇವೆ. ಹಿಂದಿನ ಬೈತಲೆ ಸೊಟ್ಟಗಾದರೆ ಒಂದು ಜಡೆ ದಪ್ಪ, ಒಂದು ಸಣಕಲು, ತುರುಬು ವಾಲುತ್ತದೆ. ಕನ್ನಡಿಗೆ ಬೆನ್ನು ಮಾಡಿ ಕೈಯಲ್ಲೊಂದು ಕನ್ನಡಿ ಹಿಡಿಯದೆ ಇದು ಕಾಣುವುದಿಲ್ಲ. ಕೂದಲು ಬೆನ್ನಿನ ನಡುವಿಗಿಂತ ಗಿಡ್ಡವಿದ್ದರೆ ಜಡೆ ಪೂರ್ತಿ ಸುತ್ತು ಬರುವುದಿಲ್ಲ. ರೂಢಿಯಾಗುವವರೆಗೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಒಂದೇ ಜಡೆಯದಾದರೆ ಐದು ನಿಮಿಷದ ಕೆಲಸ.

ಡೋನಟ್

ನಡುವೆ ತೂತಿರುವ ಸ್ಪಾಂಜಿನ ಬಳೆ ಇದು, ತೆಳ್ಳಗಿನ ಕೂದಲಿನವರಿಗೆ ಹೇಳಿ ಮಾಡಿಸಿದ್ದು. ಜುಟ್ಟು ಕಟ್ಟಿ, ಡೋನಟ್ಟಿನ ತೂತಿನಿಂದ ಎಳೆದು, ಕೂದಲನ್ನು ಸುತ್ತಲೂ ಸಮನಾಗಿ ಹರಡಿ ಮೇಲೊಂದು ತೆಳು ಬ್ಯಾಂಡ್ ಹಾಕಿ. ಕೆಳಗೆ ಉಳಿದದ್ದನ್ನು ಎರಡು ಪಾಲು ಮಾಡಿ ಹೆಣೆದು, ಬ್ಯಾಂಡ್ ಮುಚ್ಚುವಂತೆ ಬುಡಕ್ಕೆ ಸುತ್ತಿ ಪಿನ್ ಹಾಕಿ. ಕಪ್ಪು ಕೂದಲಿಗೆ ಕಪ್ಪು ಡೋನಟ್ಟೇ ಬೇಕು. ಹರಡಿದ್ದು ತುಸು ಸರಿದರೂ ಬೇರೆ ಬಣ್ಣ ಇಣುಕುತ್ತದೆ. ದೊಡ್ಡದನ್ನು ಕೊಳ್ಳುವ ಆಸೆ ಬೇಡ, ಕೂದಲು ಸಾಲದೆ ಸ್ಪಾಂಜ್ ಕಾಣುತ್ತದೆ.

ದಿನವೂ ಇದನ್ನು ಹಾಕುವುದಕ್ಕೆ ನಮ್ಮ ವಿರೋಧವಿದೆ. ಜುಟ್ಟು ಬಿಗಿಯಿಲ್ಲದಿದ್ದರೆ ಡೋನಟ್ ನಿಲ್ಲದು, ಬಿಗಿ ಮಾಡಿದರೆ ಹಣೆಯಂಚಿನ ಮತ್ತು ಕಿವಿಯ ಮೇಲಿನ ಕೂದಲು ಜಗ್ಗುತ್ತದೆ. ತಿಂಗಳುಗಟ್ಟಲೆ ಹಾಗೆ ಜಗ್ಗಿದರೆ ಅಲ್ಲೇ ಕೂದಲು ತೆಳುವಾಗುತ್ತಾ ಹೋಗುತ್ತದೆ. ಹಣೆಯಂಚಿನಲ್ಲಿ ಸಣ್ಣ ಗುಳ್ಳೆಯೋ ನೋವೋ ಕಂಡರೆ ಅಂದೇ ನಿಲ್ಲಿಸಿ. ಸ್ಕೂಟರ್ ಓಡಿಸುವವರಿಗಂತೂ ಬೇಡವೇ ಬೇಡ. ಹೆಲ್ಮೆಟ್ ಡೋನಟ್ಟಿನ ಮೇಲೆ ಕೂತು ಹಣೆಯ ಕಡೆ ಎದ್ದಿರುತ್ತದೆ, ಅಂಥ ಹೆಲ್ಮೆಟ್ ಇದ್ದೂ ಇಲ್ಲದಂತೆ. ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ, ಕುತ್ತಿಗೆಯ ಬಳಿ ಕೂರುವ ಚಪ್ಪಟೆ ತುರುಬೇ ಸರಿ.

ಕಡ್ಡಿ, ಕ್ಲಚರ್

ಮನೆಯಲ್ಲಿರುವಾಗ ಮರದ ಕಡ್ಡಿ ಸುಖ. ತುರುಬಿನ ಅಗಲಕ್ಕಿಂತ ಎರಡು ಇಂಚು ಉದ್ದವಿರಲಿ. ಅಂಚಿನ ಜಡೆ, ತಲೆಗೆ ಅಂಟಿದ ಕೂದಲು, ಆಚೆ ಅಂಚಿನ ಜಡೆ ಹೀಗೆ ಹೊಲಿಗೆ ಹಾಕಿದಂತೆ ದಾಟಿಸಿ. ನೋವಿಲ್ಲ, ಎಳೆತವಿಲ್ಲ. ಆದರೆ ನುಣುಪು ಕೂದಲಿನಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಾಕಬೇಕು, ಬಸ್ಸಿನ ಸೀಟಿಗೆ ಒರಗುವಂತಿಲ್ಲ. ಕ್ಲಚರ್, ಅಂದರೆ ಹಲ್ಲುಗಳಿರುವ ದೊಡ್ಡ ಕ್ಲಿಪ್, ಹೆಣೆದ ತುರುಬಿನ ದಪ್ಪಕ್ಕೆ ಬಾಯಿ ಮುಚ್ಚುವುದೇ ಇಲ್ಲ. ಬಿಡಿ ಕೂದಲಿಗೆ ಅದು ಸರಿ.

ಹೂವು ಮುಡಿಯುವುದಾದರೆ

ಡೋನಟ್ ಗೆಲ್ಲುವುದು ಇಲ್ಲಿ. ಅದರ ಬುಡದಲ್ಲಿ ಉಳಿಯುವ ತೋಡಿನಲ್ಲಿ ಮಲ್ಲಿಗೆ ದಂಡೆ ತಾನಾಗಿ ಕೂರುತ್ತದೆ. ಚಪ್ಪಟೆ ತುರುಬಿಗೆ ದಂಡೆಯನ್ನು ಮೇಲರ್ಧಕ್ಕೆ ಮಾತ್ರ ಕಮಾನಿನಂತೆ ಮುಡಿಸಿ, ಕೆಳಗೂ ಸುತ್ತಿದರೆ ಸೀರೆಯ ಸೆರಗಿಗೆ ಉಜ್ಜಿ ಹೂವು ನಲುಗುತ್ತದೆ. ಪಿನ್ ಹೂವಿಗೆ ಚುಚ್ಚಬಾರದು, ಕಟ್ಟಿದ ನಾರಿನ ಮೇಲೆ ಹಾದು ಜಡೆಗೆ ಇಳಿಯಬೇಕು. ಒಂದು ಮೊಳಕ್ಕೆ ಮೂರು ಪಿನ್: ಎರಡು ತುದಿಗೆ, ಒಂದು ನಡುವಿಗೆ. ನೀರು ಚಿಮುಕಿಸಿ ತಂದ ಹೂವಾದರೆ ಮುಡಿಯುವ ಮೊದಲು ಕೊಡವಿ ಬಟ್ಟೆಯ ಮೇಲೆ ಐದು ನಿಮಿಷ ಹರಡಿ. ಒದ್ದೆ ದಂಡೆಯ ಭಾರಕ್ಕೆ ಮೊದಲು ಜಾರುವುದು ನಡುವಿನ ಪಿನ್ನೇ.