ಪೊದೆಯೊಳಗಿನ ಹಕ್ಕಿಗೆ ಮರ್ಲಿನ್ ಆಪ್: ಎಷ್ಟು ಕೇಳುತ್ತದೆ, ಎಷ್ಟು ನಂಬಬಹುದು

ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆಪಿನ ಸೌಂಡ್ ಐಡಿಯನ್ನು ಪಾರ್ಕಿನ ಬೆಂಚಿನ ಮೇಲೆ ಕೂತು ಪರೀಕ್ಷಿಸಿ ಐದಕ್ಕೆ ಐದು ಕೊಟ್ಟವರೇ ಹೆಚ್ಚು. ಅಲ್ಲಿ ಅದು ಹೇಳುವುದು ಕೋಗಿಲೆ, ಮಡಿವಾಳ, ಕೆಮ್ಮೀಸೆ ಪಿಕಳಾರ. ಇವಕ್ಕೆ ಫೋನ್ ಯಾಕೆ, ತಲೆ ಎತ್ತಿದರೆ ಕಾಣುತ್ತವೆ. ಆಪಿಗೆ ನಿಜವಾದ ಪರೀಕ್ಷೆ ಇರುವುದು ಆಗುಂಬೆ, ಸಕಲೇಶಪುರ, ಗಣೇಶಗುಡಿಯಂಥ ಕಡೆ, ಬಿದಿರುಮೆಳೆ ಮತ್ತು ಏಲಕ್ಕಿ ಹಕ್ಕಲಿನ ಒಳಗೆ. ಹತ್ತು ಹೆಜ್ಜೆ ದೂರದಲ್ಲೇ ಹಕ್ಕಿ ಕೂಗುತ್ತಿರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಈ ವಿಮರ್ಶೆ ಅಂಥ ಹಕ್ಕಿಗಳ ಮಟ್ಟಿಗೆ ಮಾತ್ರ.

ತೀರ್ಪು ಮೊದಲೇ ಹೇಳಿಬಿಡೋಣ. ಹಾಡುವ ಹಕ್ಕಿಯನ್ನು ಮರ್ಲಿನ್ ಚೆನ್ನಾಗಿ ಹಿಡಿಯುತ್ತದೆ. ಪೊದೆಯಲ್ಲಿ ಕೂತು ಗೊಣಗುವ ಹಕ್ಕಿಯನ್ನು ಹಿಡಿಯುವುದು ಕಡಿಮೆ. ಅಡಗುವ ಹಕ್ಕಿಗಳು ವರ್ಷದ ಹೆಚ್ಚು ಕಾಲ ಗೊಣಗುತ್ತಲೇ ಇರುತ್ತವೆ ಎಂಬುದೇ ತೊಡಕು. ಹಾಗಾಗಿ ಮಲೆನಾಡಿನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಇದಕ್ಕೆ ಐದಕ್ಕೆ ನಾಲ್ಕು ಅಂಕ, ನವೆಂಬರ್‌ನಿಂದ ಜನವರಿವರೆಗೆ ಐದಕ್ಕೆ ಎರಡು.

ಆಪ್ ಮಾಡಿದ್ದು ಅಮೆರಿಕದ ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿ. 2014ರಲ್ಲಿ ಬಂತು, ದನಿ ಕೇಳಿ ಹೆಸರು ಹೇಳುವ ಸೌಂಡ್ ಐಡಿ ಸೇರಿದ್ದು 2021ರಲ್ಲಿ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಮೈಕಿಗೆ ಬಿದ್ದ ದನಿ ಪರದೆಯ ಮೇಲೆ ಸ್ಪೆಕ್ಟ್ರೋಗ್ರಾಮ್ ಎಂಬ ಚಿತ್ರವಾಗಿ ಹರಿಯುತ್ತದೆ: ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಏರಿಳಿತ, ಗೆರೆ ಗಾಢವಾದಷ್ಟೂ ದನಿ ಜೋರು. ಕಾರ್ನೆಲ್‌ನದೇ ಮೆಕಾಲೆ ಲೈಬ್ರರಿಯಲ್ಲಿ ಕೂಡಿಟ್ಟ ಧ್ವನಿಮುದ್ರಣಗಳಿಂದ ಕಲಿತ ಪ್ರೋಗ್ರಾಂ ಆ ಚಿತ್ರವನ್ನು ಓದಿ ಹೆಸರು ಸೂಚಿಸುತ್ತದೆ. ಜೊತೆಗೆ, ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಎಂಬ ತಾಣಕ್ಕೆ ಜನ ಕೊಟ್ಟ ಪಟ್ಟಿಗಳ ಆಧಾರದಲ್ಲಿ ಆ ಜಾಗದಲ್ಲಿ ಆ ಕಾಲಕ್ಕೆ ಯಾವ ಹಕ್ಕಿ ಇರಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆಪಿನ ಗುಣ ದೋಷ ಎರಡರ ಬೇರೂ ಇಲ್ಲೇ ಇದೆ. ಜನ ಯಾವ ದನಿಯನ್ನು ಹೆಚ್ಚು ರೆಕಾರ್ಡ್ ಮಾಡಿದ್ದಾರೋ ಅದು ಇದಕ್ಕೆ ಬಾಯಿಪಾಠ. ಜನ ರೆಕಾರ್ಡ್ ಮಾಡುವುದು ಹಾಡನ್ನು. ಪೊದೆಯೊಳಗಿನ ‘ಟಕ್’ ಎಂಬ ಒಂದೇ ಸ್ವರಕ್ಕೆ ಮೈಕ್ ಹಿಡಿದು ನಿಲ್ಲುವವರು ಕಡಿಮೆ.

ಕೆಲಸವೆಲ್ಲ ಫೋನಿನೊಳಗೇ ನಡೆಯುವುದರಿಂದ ನೆಟ್‌ವರ್ಕ್ ಸಿಗದ ಘಟ್ಟದಲ್ಲೂ ಆಪ್ ಓಡುತ್ತದೆ. ಆದರೆ ಊರಿನಲ್ಲೇ ಎರಡು ಡೌನ್‌ಲೋಡ್ ಮುಗಿಸಿರಬೇಕು. ಸೌಂಡ್ ಐಡಿಯನ್ನು ಮೊದಲ ಸಲ ತೆರೆದಾಗ ಇಳಿಸಿಕೊಳ್ಳುವ ಫೈಲು ಒಂದು, ಹೋಗುವ ಪ್ರದೇಶದ ಬರ್ಡ್ ಪ್ಯಾಕ್ ಇನ್ನೊಂದು. ಪ್ಯಾಕ್ ಇಲ್ಲದೆ ಹೊರಟರೆ ಕಾಡಿನಲ್ಲಿ ಹೋಲಿಸಿ ನೋಡಲು ದನಿಯೂ ಚಿತ್ರವೂ ಇರುವುದಿಲ್ಲ. ಲೊಕೇಶನ್ ಅನುಮತಿ ಕೊಟ್ಟಿರಬೇಕು, ಇಲ್ಲವಾದರೆ ಕೈಯಿಂದಲೇ ಊರು ಸರಿಯಾಗಿ ತುಂಬಬೇಕು. ಜಾಗ ತಪ್ಪಾದರೆ ಸಾಧ್ಯತೆಯ ಲೆಕ್ಕವೇ ತಪ್ಪಿ, ಬಯಲುಸೀಮೆಯ ಹಕ್ಕಿಯ ಹೆಸರು ಘಟ್ಟದ ಮೇಲಿನ ಶೋಲಾ ಕಾಡಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನು ರೆಕಾರ್ಡಿಂಗ್. ಆಪನ್ನು ಬೈಯುವವರಲ್ಲಿ ಅರ್ಧ ಜನ ಬೈಯಬೇಕಾದ್ದು ತಮ್ಮ ಫೋನಿನ ಕವರನ್ನು. ಹೆಚ್ಚಿನ ಫೋನುಗಳ ಮುಖ್ಯ ಮೈಕ್ ಕೆಳಗಿನ ಅಂಚಿನಲ್ಲಿ ಇರುತ್ತದೆ. ದಪ್ಪ ಕವರ್ ತೆಗೆಯಿರಿ, ಆ ಅಂಚನ್ನು ದನಿಯ ಕಡೆ ತಿರುಗಿಸಿ, ಬೆರಳು ಅಡ್ಡ ಬಾರದಂತೆ ಹಿಡಿಯಿರಿ. ಬ್ಲೂಟೂತ್ ಇಯರ್‌ಫೋನ್ ಕಳಚಿ, ಇಲ್ಲದಿದ್ದರೆ ಫೋನ್ ಅದರ ಸಣ್ಣ ಮೈಕಿನಿಂದ ಕೇಳಿಸಿಕೊಳ್ಳುವ ಅಪಾಯವಿದೆ. ಏರ್‌ಪ್ಲೇನ್ ಮೋಡ್ ಹಾಕಿದರೆ ನಡುವೆ ಕರೆ, ಕಂಪನ ಬರುವುದಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಹಳ್ಳದ ದಡದಿಂದ ಒಂದು ಐವತ್ತು ಹೆಜ್ಜೆಯಾದರೂ ಈಚೆ ಬನ್ನಿ, ಏಕೆಂದರೆ ನೀರಿನ ಸದ್ದು ಸ್ಪೆಕ್ಟ್ರೋಗ್ರಾಮಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಬೂದು ಬಳಿದಂತೆ ಹರಡಿ ಎಲ್ಲವನ್ನೂ ಮುಚ್ಚುತ್ತದೆ. ರೈನ್‌ಕೋಟಿನ ಸರಸರ ಇನ್ನೊಂದು ಶತ್ರು. ಮಳೆಗಾಲದಲ್ಲಿ ಎರಡು ನಿಮಿಷ ಅಲುಗಾಡದೆ ನಿಲ್ಲಿ ಎಂದು ಹೇಳುವುದು ಸುಲಭ, ಉಂಬಳಗಳು ಅದಕ್ಕೆ ಒಪ್ಪಬೇಕಲ್ಲ.

ಒಂದೇ ಸಮನೆ ಅರ್ಧ ಗಂಟೆ ಆಪ್ ಓಡಿಸಬೇಡಿ. ಎರಡು ಮೂರು ನಿಮಿಷದ ತುಂಡುಗಳು ಒಳ್ಳೆಯದು. ಆಮೇಲೆ ಯಾವ ಹೆಸರು ಯಾವ ಪೊದೆಯಿಂದ ಬಂತು ಎಂದು ಹುಡುಕಲು ಸುಲಭ.

ಮರ್ಲಿನ್ ಗೆಲ್ಲುವ ಹಕ್ಕಿಗಳಲ್ಲಿ ಮೊದಲನೆಯದು ಇಂಡಿಯನ್ ಸಿಮಿಟರ್ ಬ್ಯಾಬ್ಲರ್. ಬಾಗಿದ ಹಳದಿ ಕೊಕ್ಕು, ಬಿಳಿ ಹುಬ್ಬು, ಪೊದೆಯಿಂದ ಪೊದೆಗೆ ಇಲಿಯಂತೆ ನುಸುಳುವ ಸ್ವಭಾವ. ಗಂಡು ಕೊಳವೆಯಲ್ಲಿ ಊದಿದಂತೆ ‘ಹೂ ಹೂ ಹೂ’ ಎಂದು ಸಾಲಾಗಿ ಕೂಗುತ್ತದೆ, ಅದರ ಬೆನ್ನಿಗೇ ಹೆಣ್ಣು ಗಡಸಾಗಿ ಚಿಕ್ಕದೊಂದು ಉತ್ತರ ಕೊಡುತ್ತದೆ. ಎರಡೂ ಎಷ್ಟು ಬಿಗಿಯಾಗಿ ಸೇರಿಕೊಳ್ಳುತ್ತವೆಂದರೆ ಕಿವಿಗೆ ಒಂದೇ ಹಕ್ಕಿ ಅನ್ನಿಸುತ್ತದೆ. ಪರದೆಯಲ್ಲಿ ಕೆಳಭಾಗದಲ್ಲಿ ದಪ್ಪ ಗೀಟುಗಳ ಸಾಲು, ಕೊನೆಗೆ ಒಂದು ಗೀಚು. ಒಮ್ಮೆ ಆ ಆಕಾರ ಕಣ್ಣಿಗೆ ಹತ್ತಿದರೆ ಮುಂದೆ ಆಪ್ ಹೆಸರು ಹೇಳುವ ಮೊದಲೇ ನೀವು ಹೇಳುತ್ತೀರಿ. ಮರ್ಲಿನ್‌ನಿಂದ ಸಿಗುವ ದೊಡ್ಡ ಲಾಭ ಇದೇ, ಹೆಸರುಗಳ ಪಟ್ಟಿಯಲ್ಲ. ಪಫ್ ಥ್ರೋಟೆಡ್ ಬ್ಯಾಬ್ಲರ್ ಕೂಡ ಹೀಗೇ. ತರಗೆಲೆಯ ಮೇಲೆ ನಡೆದಾಡುವ ಈ ಕಂದು ಹಕ್ಕಿಯ ಮೂರು ಸ್ವರದ ಸಿಳ್ಳೆಯನ್ನು ಆಪ್ ತಟ್ಟನೆ ಹಿಡಿಯುತ್ತದೆ. ಕಾಡುಕೋಳಿ, ಹುಂಡುಕೋಳಿ ಸಹ ಸುಲಭ. ಹುಂಡುಕೋಳಿ ಮಳೆ ಹಿಡಿದ ಮೇಲೆ ರಾತ್ರಿಯಿಡೀ ಕೂಗುವುದನ್ನು ಕೇಳಿದ ಗದ್ದೆಬದಿಯವರಿಗೆ ಆಪಿನ ಅಗತ್ಯವೂ ಇಲ್ಲ.

ನವರಂಗ ಅಂದರೆ ಇಂಡಿಯನ್ ಪಿಟ್ಟಾ ಹಕ್ಕಿಗೆ ವೇಳೆ ಮುಖ್ಯ. ಉತ್ತರದಿಂದ ಅಕ್ಟೋಬರ್ ಸುಮಾರಿಗೆ ನಮ್ಮ ಕಡೆ ಬರುವ ಈ ಹಕ್ಕಿ ಬೆಳಗಿನ ಜಾವ, ಸಂಜೆ ಕತ್ತಲಾಗುವ ಹೊತ್ತು ಎರಡು ಸ್ವರದ ಸಿಳ್ಳೆ ಹಾಕಿ ಸುಮ್ಮನಾಗುತ್ತದೆ. ತಮಿಳಿನಲ್ಲಿ ಇದನ್ನು ಆರು ಗಂಟೆಯ ಹಕ್ಕಿ ಎನ್ನುವುದು ಅದಕ್ಕೇ. ಹಗಲೆಲ್ಲ ಆಪ್ ಹಿಡಿದು ತಿರುಗಿದರೂ ಸಿಗುವುದಿಲ್ಲ. ಸಂಜೆ ಮಬ್ಬಾಗುವ ಮೊದಲೇ ಪೊದೆಯ ಅಂಚಿಗೆ ಹೋಗಿ ನಿಂತು, ಸಿಳ್ಳೆ ಬಂದ ದಿಕ್ಕು ಗುರುತಿಟ್ಟುಕೊಂಡು, ಮಾರನೆಯ ಬೆಳಗ್ಗೆ ಅದೇ ಜಾಗದ ತರಗೆಲೆ ನೆಲವನ್ನು ದುರ್ಬೀನಿನಲ್ಲಿ ನೋಡಿ. ದುರ್ಬೀನು 8 ಪಟ್ಟಿನದೇ ಇರಲಿ. 10 ಪಟ್ಟಿನದರಲ್ಲಿ ನೋಟದ ಹರವು ಸಾಮಾನ್ಯವಾಗಿ ಕಿರಿದು, ಕೈನಡುಕವೂ ಹೆಚ್ಚು ಕಾಣುತ್ತದೆ, ಮಸಕು ಬೆಳಕಿನ ಪೊದೆಯಲ್ಲಿ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಮಾಯ.

ಸೋಲುವ ಕಡೆಗೆ ಬರೋಣ. ಇಂಡಿಯನ್ ಬ್ಲೂ ರಾಬಿನ್ ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲ ಕಳೆಯಲು ಘಟ್ಟಕ್ಕೆ ಇಳಿಯುತ್ತದೆ. ಇಲ್ಲಿ ಅದು ಹೆಚ್ಚಾಗಿ ಮಾಡುವ ಸದ್ದು ನೆಲಮಟ್ಟದಿಂದ ಬರುವ ತಗ್ಗಿದ ‘ಟಕ್ ಟಕ್’. ಒಣ ಕಡ್ಡಿ ಮುರಿದಂತಹ ಇಂಥ ಒಂಟಿ ಸ್ವರಕ್ಕೆ ಚಿತ್ರದಲ್ಲಿ ಆಕಾರವೇ ಇರುವುದಿಲ್ಲ, ಒಂದು ಚುಕ್ಕೆ ಅಷ್ಟೆ. ಆಪ್ ಸುಮ್ಮನಿದ್ದರೆ ಪುಣ್ಯ, ಎಷ್ಟೋ ಸಲ ಹತ್ತಿರದ ಇನ್ನಾವುದೋ ಹೆಸರು ತೋರಿಸುತ್ತದೆ. ಬ್ಯಾಬ್ಲರ್‌ಗಳ ಕಿರಿಕಿರಿ ಬೈಗುಳಕ್ಕೂ ಇದೇ ಗತಿ. ಡಾರ್ಕ್ ಫ್ರಂಟೆಡ್ ಬ್ಯಾಬ್ಲರ್ ಗುಂಪು ವಾಟೆ ಬಿದಿರಿನೊಳಗೆ ಗೊಣಗುತ್ತಾ ಹೋಗುವಾಗ ಆಪ್ ಪಟ್ಟಿಯಲ್ಲಿ ಒಂದಾದ ಮೇಲೊಂದು ಹೆಸರು ಮಿನುಗಿ ಮರೆಯಾಗಬಹುದು. ಅವಾವುದನ್ನೂ ಬರೆದುಕೊಳ್ಳಬೇಡಿ.

ಎರಡನೆಯ ಸೋಲು ಮಂದ್ರ ಸ್ವರಗಳಲ್ಲಿ. ಬಾರ್ಡ್ ಬಟನ್‌ಕ್ವೇಲ್ ಎಂಬ ನೆಲಹಕ್ಕಿಯಲ್ಲಿ ಸಂಸಾರವೇ ತಿರುವುಮುರುವು: ಕಾವು ಕೂರುವುದು ಗಂಡು, ಜೋಡಿಗಾಗಿ ಕೂಗುವುದು ಹೆಣ್ಣು. ದೂರದಲ್ಲಿ ಮೋಟಾರ್ ಬೈಕ್ ಹೊರಟಂತೆ ಕೇಳುವ ಆ ಗುಡುಗುಡು ಫೋನಿನ ಪುಟ್ಟ ಮೈಕಿಗೆ ಸರಿಯಾಗಿ ತಾಕುವುದೇ ಇಲ್ಲ. ಗಾಳಿ ಮತ್ತು ವಾಹನದ ಸದ್ದು ಕೂಡ ಅದೇ ಮಂದ್ರ ಭಾಗದಲ್ಲಿ ಕೂತಿರುತ್ತದೆ. ಎಮರಾಲ್ಡ್ ಡವ್‌ನ ನರಳುವ ‘ಹೂಂ’, ದೂರದ ಕೆಂಬೂತದ ‘ಊಪ್ ಊಪ್’ ಕೂಡ ಕಿವಿಗೆ ಸ್ಪಷ್ಟವಾಗಿ ಕೇಳಿದರೂ ಆಪಿಗೆ ಕೇಳದೆ ಹೋಗಬಹುದು. ಫೋನಿಗೆ ಸಿಕ್ಕಿಸುವ ಹೊರಗಿನ ಮೈಕ್ ಇದ್ದರೆ ಪರಿಸ್ಥಿತಿ ಸುಧಾರಿಸುತ್ತದೆ, ಆದರೆ ಇದೊಂದಕ್ಕಾಗಿ ಕೊಳ್ಳುವುದು ಹೊಸಬರಿಗೆ ದಂಡ.

ಮಳೆಗಾಲದ ರಾತ್ರಿ ಬೇರೆಯದೇ ಲೋಕ. ಸ್ಲೇಟಿ ಲೆಗ್ಡ್ ಕ್ರೇಕ್ ಎಂಬ ಜೌಗು ಕಾಡಿನ ಹಕ್ಕಿಯನ್ನು ಹಗಲು ಕಂಡವರು ವಿರಳ. ಜೂನ್ ಮಳೆ ಹಿಡಿದ ಮೇಲೆ ರಾತ್ರಿ ‘ಕೆಕ್ ಕೆಕ್, ಕೆಕ್ ಕೆಕ್’ ಎಂದು ಜೋಡಿ ಸ್ವರದಲ್ಲಿ ಬಹಳ ಹೊತ್ತು ಕೂಗುತ್ತದೆ. ಸುತ್ತ ಮರಗಪ್ಪೆಗಳ ಟಿಕ್ ಟಿಕ್, ಮೇಲೆ ಎಲೆಯಿಂದ ಉದುರುವ ಹನಿ. ಇಷ್ಟರ ನಡುವೆ ಆಪಿಗೆ ತಲೆ ಕೆಡುವುದು ಸಹಜ. ಇಲ್ಲಿ ನೆನಪಿಡಬೇಕಾದ್ದು: ಮರ್ಲಿನ್‌ಗೆ ಕಲಿಸಿರುವುದು ಹಕ್ಕಿಗಳನ್ನು ಹೆಸರಿಸಲು. ಪೊದೆಯಲ್ಲಿ ಅಡಗಿದ ಕಪ್ಪೆಯ ಹೆಸರನ್ನೋ ಹಗಲಲ್ಲಿ ಮರದ ಮೇಲಿಂದ ಒಂದೇ ಸಮನೆ ಚಿಪ್ ಚಿಪ್ ಎನ್ನುವ ಅಳಿಲಿನ ಹೆಸರನ್ನೋ ಅದು ಹೇಳಲಾರದು, ಬದಲಿಗೆ ಹತ್ತಿರದ ಹಕ್ಕಿಯೊಂದನ್ನು ತೋರಿಸಿಬಿಡಬಹುದು. ನಿಮಿಷಗಟ್ಟಲೆ ಬದಲಾವಣೆಯೇ ಇಲ್ಲದೆ ಗಡಿಯಾರದಂತೆ ಬರುವ ಸದ್ದಿಗೆ ಆಪ್ ಕೊಟ್ಟ ಹೆಸರನ್ನು ಮೊದಲು ಅಳಿಲು, ಕಪ್ಪೆಯ ಅನುಮಾನ ಕಳೆದ ಮೇಲೆಯೇ ನಂಬಿ.

ಜೀರುಂಡೆಗಳದ್ದು ಇನ್ನೊಂದು ತರಹ. ಅವು ಸುಳ್ಳು ಹೆಸರು ತರುವುದಕ್ಕಿಂತ ನಿಜವಾದ ಹೆಸರನ್ನು ನುಂಗುವುದೇ ಹೆಚ್ಚು. ಪರದೆಯ ಅಡ್ಡಕ್ಕೆ ದಪ್ಪ ಪಟ್ಟಿ ಎಳೆದಂತೆ ಕಂಡರೆ ಆ ಪಟ್ಟಿಯೊಳಗೆ ಹಾಡುವ ಹಕ್ಕಿ ನಿಮ್ಮ ಪಾಲಿಗಿಲ್ಲ. ಜೀರುಂಡೆಗಳು ಸರದಿಯ ಮೇಲೆ ಏರಿ ಇಳಿಯುತ್ತವೆ, ಇಳಿಯುವವರೆಗೆ ಕಾಯಿರಿ.

ಎಲ್ಲಕ್ಕಿಂತ ದೊಡ್ಡ ಮೋಸಗಾರ ಭೀಮರಾಜ. ಉದ್ದ ಬಾಲದ ತುದಿಯಲ್ಲಿ ಟೆನಿಸ್ ಬ್ಯಾಟಿನಂಥ ಗರಿ ಹೊತ್ತ ಈ ಕಪ್ಪು ಹಕ್ಕಿ, ಹಲವು ಜಾತಿಯ ಹಕ್ಕಿಗಳು ಕೂಡಿ ಹುಳು ಹಿಡಿಯುವ ಬೇಟೆ ಗುಂಪುಗಳ ಜೊತೆ ತಿರುಗುತ್ತಾ ಹತ್ತಾರು ಹಕ್ಕಿಗಳ ದನಿ ಅನುಕರಿಸುತ್ತದೆ. ಶಾಮಾ ಮತ್ತು ಎಲೆಹಕ್ಕಿಗಳೂ ಕಡಿಮೆಯೇನಲ್ಲ. ಆಪ್ ಕೇಳುವುದು ದನಿಯನ್ನು ಮಾತ್ರ, ಬಾಯಿ ಯಾರದೆಂದು ಅದಕ್ಕೆ ಗೊತ್ತಿಲ್ಲ. ಪತ್ತೆಗೆ ಒಂದು ಉಪಾಯವಿದೆ. ಒಂದು ನಿಮಿಷದಲ್ಲಿ ಐದು ಹೆಸರು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ ಹಿಂದಕ್ಕೆ ಎಳೆದು ನೋಡಿ. ಐದೂ ದನಿಗಳು ಒಂದರ ಹಿಂದೆ ಒಂದು ಬಂದು, ಒಮ್ಮೆಯೂ ಒಂದರ ಮೇಲೊಂದು ಬೀಳದೆ, ಗೆರೆಯ ಗಾಢತೆಯೂ ಒಂದೇ ಸಮವಿದ್ದರೆ ಕೂತಿರುವುದು ಬಹುಶಃ ಒಂದೇ ಹಕ್ಕಿ. ನಿಜವಾದ ಗುಂಪಿನಲ್ಲಿ ದನಿಗಳು ಒಂದನ್ನೊಂದು ತುಳಿಯುತ್ತವೆ, ಕೆಲವು ಗಾಢ, ಕೆಲವು ಮಸಕು. ಪೊದೆಹಕ್ಕಿಯ ದನಿ ಮರದ ತುದಿಯಿಂದ ಬಂದರೂ ಅನುಮಾನಿಸಿ.

ಹಾಗಾದರೆ ಒಂದು ಹೆಸರನ್ನು ಒಪ್ಪುವುದು ಯಾವಾಗ? ಒಂದೇ ರೆಕಾರ್ಡಿಂಗಿನಲ್ಲಿ ಅದೇ ಹೆಸರು ಮೂರು ನಾಲ್ಕು ಸಲ ಬೆಳಗಬೇಕು. ಹೆಸರನ್ನು ಒತ್ತಿ, ಆಪಿನಲ್ಲಿರುವ ಮಾದರಿ ದನಿಯನ್ನು ಇಯರ್‌ಫೋನಿನಲ್ಲಿ ಕೇಳಿ ನಿಮ್ಮದರ ಜೊತೆ ಹೋಲಿಸಬೇಕು. ಮಾದರಿಗಳಲ್ಲಿ ಹಾಡು, ಕರೆ ಬೇರೆ ಬೇರೆ ಇರುತ್ತವೆ, ಮೊದಲನೆಯದನ್ನು ಕೇಳಿ ತೀರ್ಮಾನಿಸಬೇಡಿ. ಆ ಹಕ್ಕಿ ಅಲ್ಲಿ ಅಪರೂಪ ಎಂಬ ಗುರುತು ಹೆಸರಿನ ಪಕ್ಕ ಇದ್ದರೆ ಕಣ್ಣಿಂದ ಕಾಣುವವರೆಗೆ ಅದು ಬರೀ ಸುಳಿವು. ಆಪ್ ಹೇಳಿತೆಂಬ ಒಂದೇ ಕಾರಣಕ್ಕೆ ಇಬರ್ಡ್ ಪಟ್ಟಿಗೆ ಸೇರಿಸಿದರೆ, ಅದೇ ತಪ್ಪು ನಾಳೆ ಸಾಧ್ಯತೆಯ ಲೆಕ್ಕಕ್ಕೆ ಸೇರಿ ಇನ್ನೊಬ್ಬರ ಫೋನಿನಲ್ಲಿ ಹುಟ್ಟಿಬರುತ್ತದೆ.

ಆಪಿನ ಉಳಿದ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋ ನೋಡಿ ಹೆಸರು ಹೇಳುವ ಫೋಟೋ ಐಡಿಗೆ ಎಲೆಗಳ ಸಂದಿಯ ಅರ್ಧ ಬಾಲ ಸಾಲದು. ಗಾತ್ರ, ಬಣ್ಣ, ಏನು ಮಾಡುತ್ತಿತ್ತು ಎಂದು ಕೇಳಿ ಪಟ್ಟಿ ಕೊಡುವ ಭಾಗ ಅದಕ್ಕಿಂತ ವಾಸಿ. ‘ನೆಲದ ಮೇಲೆ’ ಎಂದು ಒತ್ತಿದರೆ ಪಟ್ಟಿ ಒಳ್ಳೆಯ ರೀತಿಯಲ್ಲಿ ಚಿಕ್ಕದಾಗುತ್ತದೆ.

ಮಾದರಿ ದನಿಯನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನು ಹೊರಗೆಳೆಯುವ ಚಾಳಿಗೆ ಈ ಆಪ್ ತೀರ ಅನುಕೂಲ ಮಾಡಿಕೊಟ್ಟಿದೆ. ಮರಿ ಮಾಡುವ ಕಾಲದಲ್ಲಿ ಗಂಡು ಹಕ್ಕಿ ಅದನ್ನು ಎದುರಾಳಿಯೆಂದು ತಿಳಿದು ಗೂಡು ಬಿಟ್ಟು ಬರುತ್ತದೆ, ಹಾವು ಕಾಗೆಗಳಿಗೂ ತನ್ನ ಜಾಗ ತೋರಿಸಿಕೊಡುತ್ತದೆ. ಅಭಯಾರಣ್ಯದೊಳಗೆ ವನ್ಯಜೀವಿಗಳನ್ನು ಕೆಣಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಕಾಡಿಗೆ ಕಾಲಿಡುವ ಮೊದಲು ಫೋನಿನ ಮೀಡಿಯಾ ವಾಲ್ಯೂಮ್ ಸೊನ್ನೆಗೆ ಇಳಿಸಿ, ತಂತಿಯ ಇಯರ್‌ಫೋನ್ ಒಂದು ಜೇಬಿನಲ್ಲಿರಲಿ, ಹೋಲಿಸುವಾಗ ಮಾತ್ರ ಸಿಕ್ಕಿಸಿ.

ರೆಕಾರ್ಡಿಂಗ್‌ಗಳು ಫೋನಿನಲ್ಲೇ ಉಳಿದು ಜಾಗ ತಿನ್ನುತ್ತವೆ. ಅದೇ ಸಂಜೆ ಕೂತು ಕೇಳಿ, ಬೇಕಾದ್ದಕ್ಕೆ ಜಾಗ ಮತ್ತು ಪೊದೆಯ ಗುರುತು ಸೇರಿಸಿ ಹೆಸರಿಡಿ, ಉಳಿದದ್ದು ಅಳಿಸಿ. ಆಪ್ ಹೆಸರು ಹೇಳಲಾಗದ, ಆದರೆ ನಿಮ್ಮ ಕಿವಿಗೆ ಸ್ಪಷ್ಟವಾಗಿ ಕೇಳಿದ ‘ಟಕ್ ಟಕ್’ಗಳನ್ನು ಮಾತ್ರ ಅಳಿಸಬೇಡಿ. ಹಕ್ಕಿಯನ್ನು ಕಣ್ಣಾರೆ ಕಂಡಿದ್ದರೆ ಆ ತುಂಡನ್ನು ಇಬರ್ಡ್ ಪಟ್ಟಿಯೊಡನೆ ಮೆಕಾಲೆ ಲೈಬ್ರರಿಗೆ ಕಳಿಸಿ. ಅಲ್ಲಿ ಕೊರತೆಯಿರುವುದು ಅಂಥವಕ್ಕೇ.