ಹಳೇ ಕಂಟೆಂಡರ್ ಬ್ಯಾರೆಲ್: ಎಂಟು ಮೂಲೆ ಇದ್ದ ಮಾತ್ರಕ್ಕೆ ಜಾಸ್ತಿ ದುಡ್ಡು ಕೊಡಬೇಡಿ

ಥಾಂಪ್ಸನ್/ಸೆಂಟರ್ ಕಂಟೆಂಡರ್ ಪಿಸ್ತೂಲಿನ 10 ಇಂಚಿನ ಎಂಟು ಮೂಲೆ ಬ್ಯಾರೆಲ್ (ನಳಿಗೆ), .22 ಹಾರ್ನೆಟ್ ಅನ್ನುವ ತೋಟಾಕ್ಕೆ ಮಾಡಿದ್ದು. ಇಲ್ಲಿ ಅಮೆರಿಕದ ಒಂದು ಗನ್ ಶೋನಲ್ಲಿ ತೆಗೆದುಕೊಂಡೆ. ಗುರಿ ಹೊಡೆಯೋದಕ್ಕೆ ಬಹಳ ಚೆನ್ನಾಗಿದೆ. ಆದರೆ ಅದರ ಮೇಲೆ 'ಅಪರೂಪದ್ದು' ಅಂತ ಚೀಟಿ ಅಂಟಿಸಿದ್ದರು, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಗೊತ್ತಿಲ್ಲದವರಿಗೆ: ಕಂಟೆಂಡರ್ 1967ರಲ್ಲಿ ಬಂದ, ಒಂದೊಂದೇ ಗುಂಡು ಹಾಕಿ ಹೊಡೆಯುವ, ನಡುವೆ ಮಡಚಿ ತೆರೆಯುವ ಪಿಸ್ತೂಲು. ವಿನ್ಯಾಸ ವಾರನ್ ಸೆಂಟರ್ ಅವರದು, ತಯಾರಾಗಿದ್ದು ನ್ಯೂ ಹ್ಯಾಂಪ್‌ಶೈರ್‌ನ ರೋಚೆಸ್ಟರ್‌ನಲ್ಲಿ. ಮುಂದಿನ ಮರದ ಹಿಡಿ ಬಿಚ್ಚಿ, ಒಂದು ಪಿನ್ ತಳ್ಳಿದರೆ ಬ್ಯಾರೆಲ್ ಕೈಗೆ ಬರುತ್ತದೆ, ಬೇರೆ ಕ್ಯಾಲಿಬರ್‌ನದ್ದು (ಅಂದರೆ ಬೇರೆ ಅಳತೆಯ ತೋಟಾದ್ದು) ಕೂರಿಸಬಹುದು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಫ್ರೇಮ್ (ಟ್ರಿಗರ್ ಇರುವ ಭಾಗ) ಮಾತ್ರ ಬಂದೂಕು, ಬ್ಯಾರೆಲ್ ಬರೀ ಬಿಡಿಭಾಗ. ಹಾಗಾಗಿ ಜನ ಒಂದು ಫ್ರೇಮಿಗೆ ನಾಲ್ಕೈದು ಬ್ಯಾರೆಲ್ ಇಟ್ಟುಕೊಳ್ಳುತ್ತಾರೆ, ಸಾಕಾದಾಗ ಬಿಡಿಯಾಗಿ ಮಾರುತ್ತಾರೆ. ಹಳೇ ಬ್ಯಾರೆಲ್‌ಗಳಿಗೆ ಬರವೇ ಇಲ್ಲ.

ಎಂಟು ಮೂಲೆ ನೋಡಿದ ಕೂಡಲೇ ಹಳೇದು, ಬೆಲೆಬಾಳುವುದು ಅಂದುಕೊಳ್ಳುತ್ತಾರೆ, ಅಲ್ವಾ? ಆ ಆಕಾರ ಮೊದಲ ವರ್ಷಗಳಿಗೆ ಮಾತ್ರ ಸೀಮಿತ ಅಲ್ಲ, ಬಹಳ ಕಾಲ ಮಾಡಿದರು. ರೋಚೆಸ್ಟರ್ ಅಂತ ಮುದ್ರೆ ಇದ್ದರೂ ಅಷ್ಟೇ, ಸ್ಮಿತ್ ಅಂಡ್ ವೆಸನ್ 2007ರಲ್ಲಿ ಕಂಪನಿಯನ್ನು ಕೊಂಡು, ಆಮೇಲೆ ಕೆಲಸವನ್ನು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಸಾಗಿಸುವ ತನಕ ಬಂದದ್ದೆಲ್ಲಾ ರೋಚೆಸ್ಟರಿನದ್ದೇ.

ನಾನು ಮೊದಲು ನೋಡುವುದು ಮೂಲೆಯ ಅಂಚು. ಅಂಚು ಚೂಪಾಗಿದ್ದು, ಕ್ಯಾಲಿಬರ್ ಅಕ್ಷರಗಳು ಆಳವಾಗಿ ಕಂಡರೆ ಮೂಲ ಬಣ್ಣ ಇರುವ ಸಾಧ್ಯತೆ ಜಾಸ್ತಿ. ಅಂಚು ಸವೆದು ಅಕ್ಷರ ಮಾಸಿದ್ದರೆ ಯಾರೋ ಪಾಲಿಶ್ ಮಾಡಿ ಮತ್ತೆ ಬಣ್ಣ ಹಾಕಿದ್ದಾರೆ. ನನ್ನದರಲ್ಲಿ ಅಂಚು, ಅಕ್ಷರ ಎರಡೂ ಚೆನ್ನಾಗಿವೆ, ಆದರೆ ಮೇಲ್ಭಾಗದಲ್ಲಿ ಸ್ಕೋಪ್ ಕೂರಿಸೋದಕ್ಕೆ ಯಾರೋ ಎರಡು ತೂತು ಹೆಚ್ಚಿಗೆ ಕೊರೆದಿದ್ದಾರೆ, ಅದೂ ಫ್ಯಾಕ್ಟರಿ ತೂತುಗಳ ಸಾಲಿಗೆ ಕೂದಲೆಳೆ ಓರೆಯಾಗಿ. ಸಂಗ್ರಹಕಾರನಿಗೆ ಇದು ಅಲ್ಲಿಗೇ ಮುಗಿಯಿತು.

ಆಮೇಲೆ ಚೇಂಬರ್, ಅಂದರೆ ಬ್ಯಾರೆಲ್ ಒಳಗೆ ತೋಟಾ ಕೂರುವ ಜಾಗ. ಹಾರ್ನೆಟ್ ಬ್ಯಾರೆಲ್‌ಗಳನ್ನು ಕೆ-ಹಾರ್ನೆಟ್‌ಗೆ (ಹಾರ್ನೆಟ್ ತೋಟಾದ ಆಕಾರ ಬದಲಿಸಿದ ರೂಪ) ಕೊರೆಸುವವರು ಬಹಳ, ಹೊರಗಿನ ಮುದ್ರೆ ಮಾತ್ರ ಹಳೇದೇ ಉಳಿದಿರುತ್ತದೆ. ಹೊಡೆದ ಖಾಲಿ ತೋಟಾ ಕೇಳಿ. ಅದರ ಪಕ್ಕ ನೇರವಾಗಿ, ಭುಜ ಚೂಪಾಗಿ ಬಂದಿದ್ದರೆ ಚೇಂಬರ್ ಬದಲಾಗಿದೆ. ಸಪೂರಾಗಿ ಇಳಿದಿದ್ದರೆ ಮೂಲದ್ದೇ, ನನ್ನದು ಹಾಗೇ ಇದೆ. ಮಾರುವವರು ಖಾಲಿ ತೋಟಾ ಇಲ್ಲ ಅಂದರೆ ಗನ್‌ಸ್ಮಿತ್ ಹತ್ತಿರ ಚೇಂಬರ್ ಅಚ್ಚು ತೆಗೆಸಿ ನೋಡಬಹುದು.

ಬೆಲೆಗೆ ಚೀಟಿ ನೋಡಬೇಡಿ, ಗನ್‌ಬ್ರೋಕರ್ ಅನ್ನುವ ಆನ್‌ಲೈನ್ ಹರಾಜು ತಾಣದಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ. .22 ಎಲ್‌ಆರ್, .357 ಮ್ಯಾಗ್ನಮ್ ಬ್ಯಾರೆಲ್‌ಗಳು ಬೇಕಾದಷ್ಟು ಸಿಗುತ್ತವೆ, ಸುಮ್ನೆ ಜಾಸ್ತಿ ಕೊಡಬೇಡಿ. .256 ವಿಂಚೆಸ್ಟರ್ ಮ್ಯಾಗ್ನಮ್, .22 ರೆಮಿಂಗ್ಟನ್ ಜೆಟ್ ಥರದ, ಈಗ ಬಳಕೆ ತಪ್ಪಿದ ಕ್ಯಾಲಿಬರ್‌ಗಳೇ ಸಂಗ್ರಹಕಾರರಿಗೆ ಬೇಕಾದವು. ಅಂಥದ್ದು ಹೆಚ್ಚಿನ ತೂತಿಲ್ಲದೆ, ಮೂಲ ಬಣ್ಣದಲ್ಲಿ ಸಿಕ್ಕರೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ. ಒಂದೇ ಎಚ್ಚರ, ಅದೇ ಕಂಪನಿಯ ಇನ್ನೊಂದು ಮಾದರಿಯಾದ ಎನ್‌ಕೋರ್‌ನ ಫ್ರೇಮಿಗೆ ಕಂಟೆಂಡರ್ ಬ್ಯಾರೆಲ್‌ಗಳು ಕೂರುವುದಿಲ್ಲ.