ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಪೆಟ್ಟು: ಲೇಸರ್ರೋ, ಇಂಜೆಕ್ಷನ್ನೋ?

ಡಾಕ್ಟರ್ ಲೇಸರ್, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಎರಡೂ ದಾರಿ ಹೇಳಿದ್ದಾರೆ, ಯಾವುದು ಆರಿಸಲಿ ಎಂದು ಕೇಳಿದ್ದೀರಿ. ತೊಂದರೆ ಕಣ್ಣಿನೊಳಗೆ ಎಲ್ಲಿದೆ ಅನ್ನೋದನ್ನ ಮೊದಲು ಕೇಳಿಕೊಳ್ಳಿ.

ರೆಟಿನಾದ (ಕಣ್ಣಿನ ಹಿಂಭಾಗದ, ನೋಟ ಗ್ರಹಿಸುವ ತೆಳು ಪರದೆಯ) ಸಣ್ಣ ರಕ್ತನಾಳಗಳು ಸೋರಿ, ನಡುಭಾಗ ಊದಿಕೊಂಡು, ಓದೋಕೆ ಕಷ್ಟವಾಗಿದ್ದರೆ ಇಂಜೆಕ್ಷನ್ನೇ ಮೇಲು. ಎಷ್ಟೋ ಜನರಿಗೆ ದೃಷ್ಟಿ ಸುಧಾರಿಸುತ್ತದೆ. ಲೇಸರ್ ಇಲ್ಲಿ ಹೆಚ್ಚಾಗಿ ಇದ್ದದ್ದನ್ನು ಉಳಿಸುತ್ತದೆ, ಅಷ್ಟೇ.

ಹೊಸ, ದುರ್ಬಲ ರಕ್ತನಾಳಗಳು ಬೆಳೆದಿದ್ದರೆ ಎರಡೂ ಕೆಲಸ ಮಾಡುತ್ತವೆ. ಆಗ ನಿಜವಾದ ಪ್ರಶ್ನೆ, ತಪ್ಪದೆ ಆಸ್ಪತ್ರೆಗೆ ಹೋಗೋಕೆ ಆಗುತ್ತಾ? ಇಂಜೆಕ್ಷನ್ ಶುರುವಿನಲ್ಲಿ ತಿಂಗಳಿಗೊಂದು, ಆಮೇಲೆ ಅಂತರ ಹೆಚ್ಚಬಹುದು. ನಡುವೆ ಬಿಟ್ಟರೆ ಕಾಯಿಲೆ ಜೋರಾಗಿ ಮರಳಬಹುದು. ದೂರದಲ್ಲಿರುವವರಿಗೆ, ಕರೆದೊಯ್ಯಲು ಯಾರೂ ಇಲ್ಲದವರಿಗೆ ನಾನು ಲೇಸರ್ ಅನ್ನೇ ಹೇಳುತ್ತೇನೆ. ಒಂದೆರಡು, ಮೂರು ಸಲದಲ್ಲಿ ಮುಗಿಯುತ್ತದೆ, ಪರಿಣಾಮ ಬಹುಕಾಲ ನಿಲ್ಲುತ್ತದೆ. ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಪಕ್ಕದ ನೋಟ, ಕತ್ತಲಲ್ಲಿ ಕಾಣೋದು ಸ್ವಲ್ಪ ಕುಗ್ಗಬಹುದು. ರಾತ್ರಿ ಗಾಡಿ ಓಡಿಸುವವರು ಇದನ್ನು ಯೋಚಿಸಲೇಬೇಕು.

ಸೂಜಿಯ ಹೆದರಿಕೆ ಸಹಜ, ಅಲ್ವಾ? ಹನಿ ಹಾಕಿ ಮರಗಟ್ಟಿಸಿ, ಕಣ್ಣಿನ ಬಿಳಿ ಭಾಗಕ್ಕೆ ಚುಚ್ಚುತ್ತಾರೆ. ಕೆಲವೇ ಸೆಕೆಂಡು. ಸೋಂಕು ಅಪರೂಪ. ಆದರೂ ಆಮೇಲೆ ನೋವು ಹೆಚ್ಚಿ ದೃಷ್ಟಿ ಮಂಜಾದರೆ ಅವತ್ತೇ ಓಡಿ.

ಕೆಲವರಿಗೆ ಎರಡೂ ಬೇಕಾಗುತ್ತವೆ. ಒಳಗೆ ರಕ್ತ ತುಂಬಿ ಕರಗದಿದ್ದರೆ, ಇಲ್ಲವೇ ರೆಟಿನಾ ಎಳೆದುಕೊಂಡು ಕಿತ್ತು ಬರುತ್ತಿದ್ದರೆ ಆಪರೇಷನ್ನೇ ಗತಿ. ಯಾವುದು ಮಾಡಿಸಿದರೂ ಸಕ್ಕರೆ, ಬಿಪಿ ಹತೋಟಿ ಬಿಡಬೇಡಿ.